ಮಗನಿಗೆ 24 ಗಂಟೆ ಮೂತ್ರದ ಟೆಸ್ಟ್ ಬರೆದಿದ್ದಾರೆ, ಮಾಡಿಸಿದವರು ಹೇಳಿ

ನಾವು ಕಲಬುರಗಿಯವರು. ಮಗನಿಗೆ 9 ವರ್ಷ, ತೂಕ 25 ಕೆಜಿ. ಬೇಸಿಗೆಯಲ್ಲಿ ಹೊಟ್ಟೆನೋವು ಅಂತ ಸ್ಕ್ಯಾನ್ ಮಾಡಿಸಿದರೆ ಕಿಡ್ನಿಯಲ್ಲಿ ಸಣ್ಣ ಹರಳು. ಅದು ತಾನಾಗೇ ಬಿದ್ದುಹೋಯಿತು. ಈಗ ಡಾಕ್ಟರ್ ಇಡೀ ದಿನದ ಮೂತ್ರ ಹಿಡಿದು ತನ್ನಿ ಅಂತಾರೆ. ಹರಳೇ ಹೋದ ಮೇಲೆ ಇದು ಬೇಕಾ? ಅತ್ತೆ ಬೇರೆ ಹಾಲು ಬಿಡಿಸು ಅಂತಿದ್ದಾರೆ.

— ಬೇಕು ಅಕ್ಕಾ, ಮಾಡಿಸಿ. ಬೀದರ್‌ನಲ್ಲಿ ನನ್ನ ಮಗಳಿಗೂ ಮಾಡಿಸಿದ್ದೇವೆ. ಹರಳು ಇದೆಯಾ ಇಲ್ವಾ ಅಂತ ಸ್ಕ್ಯಾನ್ ಹೇಳುತ್ತೆ, ಯಾಕಾಯ್ತು ಅನ್ನೋದು ಮೂತ್ರದಲ್ಲೇ ಗೊತ್ತಾಗಬೇಕು. ಹರಳು ಕಟ್ಟೋ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಸಿಡ್, ಸಿಸ್ಟೀನ್ ಜಾಸ್ತಿ ಇದ್ದರೆ ತೊಂದರೆ, ಸಿಟ್ರೇಟ್ ಮಾತ್ರ ಕಮ್ಮಿ ಇದ್ದರೆ ತೊಂದರೆ, ಯಾಕಂದ್ರೆ ಹರಳು ಕಟ್ಟದಂತೆ ತಡೆಯೋದೇ ಅದು. ಸ್ಕೂಲ್ ಇಲ್ಲದ ಭಾನುವಾರ ಹಿಡಿಯಿರಿ. ಬೆಳಿಗ್ಗೆ ಎದ್ದ ಮೊದಲ ಮೂತ್ರ ಬಚ್ಚಲಿಗೆ ಬಿಡಿ, ಟೈಮ್ ಬರೆದುಕೊಳ್ಳಿ, ಆಮೇಲಿಂದ ಮರುದಿನ ಅದೇ ಹೊತ್ತಿನದೂ ಸೇರಿ ಎಲ್ಲಾ ಕ್ಯಾನಿಗೆ. ಕ್ಯಾನಿನಲ್ಲಿ ಆಸಿಡ್ ಹಾಕಿ ಕೊಟ್ಟಿದ್ದರೆ ಹುಡುಗ ನೇರ ಅದರೊಳಗೆ ಮಾಡಬಾರದು, ಚರ್ಮ ಸುಡುತ್ತೆ, ಮಗ್‌ನಲ್ಲಿ ಹಿಡಿದು ನೀವೇ ಸುರಿಯಿರಿ. ತಣ್ಣಗಿಡಬೇಕು ಅಂದಿದ್ರು. ಫ್ರಿಜ್‌ನಲ್ಲಿ ಇಡೋಕೆ ಮನೆಯಲ್ಲಿ ಯಾರೂ ಒಪ್ಪಲಿಲ್ಲ, ಬಕೆಟ್‌ಗೆ ಐಸ್ ತುಂಬಿ ಬಾತ್‌ರೂಮ್ ಮೂಲೆಯಲ್ಲಿ ಇಟ್ಟೆವು, ಕರಗಿದ ಹಾಗೆಲ್ಲಾ ಮತ್ತೆ ಐಸ್. ಮಧ್ಯ ಒಂದು ಸಲ ತಪ್ಪಿದರೂ ಡಾಕ್ಟರಿಗೆ ಹೇಳಿ. ಸ್ನಾಯುಗಳಿಂದ ದಿನಾ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಮೂತ್ರಕ್ಕೆ ಬರೋ ಕ್ರಿಯಾಟಿನಿನ್ ತೂಕಕ್ಕೆ ತಕ್ಕಷ್ಟು ಬರದಿದ್ದರೆ ಪೂರ್ತಿ ಹಿಡಿದಿಲ್ಲ ಅಂತ ಅವರಿಗೆ ಹೇಗೂ ಅನುಮಾನ ಬರುತ್ತೆ.

— ಯಾದಗಿರಿಯಿಂದ. ರಿಪೋರ್ಟ್‌ನಲ್ಲಿ ಎಷ್ಟೋ ಸಲ ದೊಡ್ಡವರ ನಾರ್ಮಲ್ ಅಂಕಿಯನ್ನೇ ಹಾಕಿರ್ತಾರೆ, ಅದನ್ನು ನೋಡಿ ಸಮಾಧಾನ ಮಾಡ್ಕೋಬೇಡಿ. ಮಕ್ಕಳಿಗೆ ತೂಕದ ಲೆಕ್ಕ. ಕ್ಯಾಲ್ಸಿಯಂ ದಿನಕ್ಕೆ ಕೆಜಿಗೆ 4 ಮಿಲಿಗ್ರಾಂ ದಾಟಿದರೆ ಜಾಸ್ತಿ ಅಂತ. ನಿಮ್ಮ ಹುಡುಗ 25 ಕೆಜಿ ಅಂದ್ರೆ ಅವನಿಗೆ ಆ ಮಿತಿ ದಿನಕ್ಕೆ 100 ಮಿಲಿಗ್ರಾಂ ಆಯ್ತು. ನನ್ನ ಮಗ ತೀರಾ ಚಿಕ್ಕವನು, ಇಡೀ ದಿನ ಹಿಡಿಯೋದು ಆಗದ ಮಾತು, ಹಾಗಾಗಿ ಒಂದೇ ಸಲದ ಮೂತ್ರದಲ್ಲಿ ಕ್ಯಾಲ್ಸಿಯಂ–ಕ್ರಿಯಾಟಿನಿನ್ ಅನುಪಾತ ನೋಡಿದರು. ಸ್ಕೂಲಿಗೆ ಹೋಗೋ ಮಕ್ಕಳಿಗೆ 0.2ರ ಒಳಗಿರಬೇಕು, ಕೂಸುಗಳಿಗೆ ಅದಕ್ಕಿಂತ ಜಾಸ್ತಿ ಇರೋದು ಸಹಜ.

— ಹಾಲು ಬಿಡಿಸಬೇಡಿ! ಊಟದ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನು ಹಿಡ್ಕೊಳ್ಳುತ್ತೆ, ಬಿಟ್ಟರೆ ಆಕ್ಸಲೇಟ್ ಮೂತ್ರಕ್ಕೆ ಜಾಸ್ತಿ ಇಳಿಯುತ್ತೆ, ಬೆಳೆಯೋ ಮೂಳೆಗೂ ಕಷ್ಟ. ಕಮ್ಮಿ ಮಾಡಬೇಕಾದ್ದು ಉಪ್ಪು. ಸೋಡಿಯಂ ಏರಿದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಕೂಡ ಏರುತ್ತೆ. ನಮ್ಮ ಮನೆಯಲ್ಲಿ ರೊಟ್ಟಿ ಜೊತೆ ಉಪ್ಪಿನಕಾಯಿ, ಹಪ್ಪಳ, ಸಂಜೆ ಚಿಪ್ಸ್ ಪಾಕೀಟು, ಇದೇ ದೊಡ್ಡ ಕಳ್ಳ. ಆದರೆ ಟೆಸ್ಟ್ ಆಗೋವರೆಗೂ ಊಟ, ನೀರು ಎಂದಿನಂತೆ ಇರಲಿ. ಅವತ್ತು ಸುಮ್ನೆ ಚೊಂಬುಗಟ್ಟಲೆ ನೀರು ಕುಡಿಸಿದರೆ ಮೂತ್ರ ತೆಳುವಾಗಿ ರಿಪೋರ್ಟ್ ಚೆಂದ ಬರುತ್ತೆ, ಅಷ್ಟೇ. ಅಂದ ಹಾಗೆ, ಬಿದ್ದ ಹರಳು ಎತ್ತಿಟ್ಟಿದ್ದೀರಾ? ಅದನ್ನೂ ಲ್ಯಾಬ್‌ಗೆ ಕೊಡಬಹುದು.

— ಇಟ್ಟಿದ್ದೇನೆ ಅಣ್ಣಾ, ಮಾತ್ರೆ ಡಬ್ಬಿಯಲ್ಲಿದೆ. ಭಾನುವಾರ ಮೂತ್ರ ಹಿಡಿದು, ಸೋಮವಾರ ಎರಡೂ ಒಟ್ಟಿಗೇ ಕೊಟ್ಟು ಬರ್ತೇನೆ.