310 ಅಡಿ ರೋಲರ್ ಕೋಸ್ಟರ್ ಹತ್ತಬಹುದಾ? ರೈಡ್ ಮೆಂಟೆನೆನ್ಸ್ ಮಾಡಿದವರಿಗೆ ಒಂದು ಪ್ರಶ್ನೆ

ಪ್ರಶ್ನೆ (ಸಾಗರದಿಂದ):
ನಮಸ್ಕಾರ ಸರ್, ನೀವು ಪಾರ್ಕಲ್ಲಿ ರೈಡ್ ಮೆಂಟೆನೆನ್ಸ್ ಇಂಜಿನಿಯರ್ ಆಗಿದ್ರಿ ಅಂತ ಗ್ರೂಪಲ್ಲಿ ಓದಿದೆ, ಅದಕ್ಕೆ ಕೇಳ್ತಿದೀನಿ. ಮಗ ಅಮೆರಿಕದ ಓಹಿಯೋದಲ್ಲಿದಾನೆ, ಜುಲೈಯಲ್ಲಿ ನಾನು ನಮ್ಮನೆಯವರು ಮಗಳು ಮೂರೂ ಜನ ಹೋಗ್ತಿದೀವಿ, ಅಲ್ಲಿ ಸೀಡರ್ ಪಾಯಿಂಟ್ ಅಂತ ಪಾರ್ಕಿದೆ, ಮಿಲೇನಿಯಂ ಫೋರ್ಸ್ ಅನ್ನೋ ರೋಲರ್ ಕೋಸ್ಟರ್ ಹತ್ತಿಸ್ತೀನಿ ಅಂತ ಈಗ್ಲೇ ಹೇಳ್ತಿದಾನೆ. ವಿಡಿಯೋ ನೋಡೇ ಕೈ ಬೆವ್ತೋಯ್ತು. ಭುಜದ ಮೇಲೆ ಎಂತದೂ ಇಲ್ಲ, ತೊಡೆ ಮೇಲೆ ಒಂದು ಬಾರ್, ಒಂದು ಬೆಲ್ಟು ಅಷ್ಟೆ. ಹಳಿ ತಪ್ಪಿದ್ರೆ? ಮೇಲೆ ನಿಂತೋದ್ರೆ? ನಂಗೆ ಆಗುಂಬೆ ಘಾಟಿ ಇಳಿಯೋಷ್ಟರಲ್ಲೇ ವಾಂತಿ ಬರುತ್ತೆ. ನಮ್ಮನೆಯವರಿಗೆ ಎರಡು ವರ್ಷದ ಹಿಂದೆ ಡಿಸ್ಕ್ ತೊಂದ್ರೆ ಆಗಿತ್ತು. ಮಗಳಿಗೆ 11 ವರ್ಷ, ಅವಳಿಗಂತೂ ಹತ್ಲೇಬೇಕಂತೆ.

ಉತ್ತರ:
ನಮಸ್ಕಾರ ಅಕ್ಕ. ಮೊದ್ಲು ಯಜಮಾನ್ರ ವಿಷಯ, ಅವರು ಹತ್ತೋದು ಬೇಡ. ಮೇಲಿಂದ ಬಂದು ತಳದಲ್ಲಿ ಗಾಡಿ ಮತ್ತೆ ಮೇಲಕ್ಕೆ ತಿರುಗೋವಾಗ ನಮ್ಮ ತೂಕ ಮೂರು ಪಟ್ಟಿಗೂ ಮೇಲೆ ಆದಂಗಾಗುತ್ತೆ, ಅಷ್ಟೂ ಬೀಳೋದು ಬೆನ್ನುಮೂಳೆ ಮೇಲೆ. ಮಗ ಎಷ್ಟೇ ಒತ್ತಾಯ ಮಾಡಿದ್ರೂ ಬೇಡ ಅನ್ನಿ.

ಇನ್ನು ಹಳಿ ತಪ್ಪೋ ಭಯ. ಜನ ಅಂದ್ಕೊಂಡಿರೋದು ಗಾಡಿ ಹಳಿ ಮೇಲೆ ಕೂತಿರುತ್ತೆ ಅಂತ, ಅದು ಕೂತಿರೋದಲ್ಲ ಅಕ್ಕ, ಹಳಿನ ಹಿಡ್ಕೊಂಡಿರೋದು. ನಿಮ್ಮ ಮನೆ ನೀರಿನ ಪೈಪನ್ನ ಮುಷ್ಟಿಲಿ ಹಿಡೀರಿ, ಮೇಲೆ ಅಂಗೈ, ಪಕ್ಕದಲ್ಲಿ ಒಂದಿಷ್ಟು ಬೆರಳು, ಅಡಿಲಿ ಒಂದಿಷ್ಟು, ಹಂಗೆ ಹಳಿ ಮೇಲೊಂದು ಚಕ್ರ, ಪಕ್ಕಕ್ಕೊಂದು, ಅಡಿಗೊಂದು. ಗಾಡಿ ಮೇಲಕ್ಕೆ ಹಾರಕ್ಕೆ ನೋಡಿದ್ರೆ ಅಡಿ ಚಕ್ರ ಬಿಡಲ್ಲ. ನಾನು ಕೆಲಸ ಮಾಡ್ತಿದ್ದಾಗ ಗೇಟು ತೆಗೆಯೋ ಮುಂಚೆ ಆ ಚಕ್ರಗಳನ್ನ ಒಂದೊಂದೇ ಕೈಲಿ ತಿರುಗಿಸಿ ನೋಡ್ತಿದ್ವಿ, ಸುತ್ತಿರೋ ಗಟ್ಟಿ ಪ್ಲಾಸ್ಟಿಕ್ ಥರದ ಪದರದ ಮೇಲೆ ಬೆರಳು ಆಡಿಸಿದ್ರೆ ಕೂದಲೆಳೆಯಷ್ಟು ಸೀಳೂ ಸಿಗುತ್ತೆ, ಸಿಕ್ರೆ ಆ ಚಕ್ರ ಬಿಚ್ಚಲೇಬೇಕು. ಆಮೇಲೆ ಖಾಲಿ ಗಾಡಿ ಒಂದೆರಡು ಸುತ್ತು ಓಡಿಸಿದ ಮೇಲೇ ಜನ. ಕೈಯಿಂದ ಗ್ರೀಸ್ ವಾಸನೆ ರಾತ್ರಿ ಊಟದವರೆಗೂ ಹೋಗ್ತಿರ್ಲಿಲ್ಲ.

ಎತ್ತರ ಕೇಳಿದ್ರಿ. 310 ಅಡಿ ಅಂದ್ರೆ ಸುಮಾರು 94 ಮೀಟರ್. ನಮ್ಮ ಜೋಗದ ರಾಜ 253 ಮೀಟರ್, ಅದರ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಅಲ್ಲಿಂದ ಜಾರಿದ್ರೆ ತಳದಲ್ಲಿ ಗಂಟೆಗೆ 150 ಕಿ.ಮೀ. ಅದಕ್ಕೆ ಇಂಜಿನ್ನೇ ಇಲ್ಲ, ಮೇಲಕ್ಕೆ ಕೇಬಲ್ ಎಳೀತದೆ, ಅಲ್ಲಿಂದ ಮುಂದೆ ಬರೀ ಬೀಳೋ ವೇಗ. 2000ದಲ್ಲಿ ಶುರುವಾಗಿದ್ದು, ತಲೆಕೆಳಗಾಗೋ ಸುತ್ತು ಒಂದೂ ಇಲ್ಲ, ಅದಕ್ಕೇ ಭುಜದ ಪಟ್ಟಿ ಇಲ್ದೇನೂ ನಡಿಯುತ್ತೆ, ಸೊಂಟ ಹಿಡಿದಿದ್ರೆ ಸಾಕು. ನೀವು ನೋಡ್ಕೋಬೇಕಾದ್ದು ಇಷ್ಟೇ, ಬೆನ್ನು ಪೂರ್ತಿ ಸೀಟಿಗೆ ಒರಗಿಸಿ ಕೂತು ಬಾರ್ ತೊಡೆಗೆ ತಾಗೋವರೆಗೂ ಒತ್ಕೊಳ್ಳಿ. ದಪ್ಪ ಜಾಕೆಟ್ಟೋ ಪೌಚೋ ಮಧ್ಯೆ ಇದ್ರೆ ಬಾರ್ ಸರಿ ಕೂತಂಗೆ ಕಾಣುತ್ತೆ ಅಷ್ಟೆ, ಕೂತಿರಲ್ಲ.

ಹತ್ತೋವಾಗ ನಿಂತೋದ್ರೆ ಹೆದರ್ಬೇಡಿ. ಸೆನ್ಸರ್ ಒಂದು ಚೂರು ಅನುಮಾನ ಪಟ್ರೂ ನಿಲ್ಲಿಸೋ ಹಂಗೇ ಮಾಡಿರ್ತಾರೆ, ಮುಂದಿನ ಗಾಡಿ ಜಾಗ ಬಿಡೋವರೆಗೂ ಹಿಂದಿನದನ್ನ ಬಿಡಲ್ಲ. ಸಿಬ್ಬಂದಿ ಬರೋವರೆಗೂ ಕೂತಿರಿ, ನೀವಾಗೇ ಬೆಲ್ಟಿಗೆ ಕೈ ಹಾಕ್ಬೇಡಿ.

ಕಾಮೆಂಟ್ (ತೀರ್ಥಹಳ್ಳಿ):
ಸರ್ ಮುಂದಿನ ಸೀಟಾ ಹಿಂದಿಂದಾ, ಯಾವ್ದು ಜಾಸ್ತಿ?

ಉತ್ತರ:
ಹಿಂದಿಂದು ತಮ್ಮಾ. ಮುಂದಿನ ಭಾಗ ಆಗ್ಲೇ ಇಳಿಯಕ್ಕೆ ಶುರುಮಾಡಿ ಹಿಂದಿನವರನ್ನ ತುದಿಯಿಂದ ಎಳ್ಕೊಂಡು ಹೋಗುತ್ತೆ, ಬಸ್ಸಲ್ಲಿ ಕೊನೇ ಸೀಟಲ್ಲಿ ಕೂತು ಹಂಪ್ ಹಾರಿದಾಗ ಹೊಟ್ಟೆ ಮೇಲೆ ಬಂದಂಗೆ ಆಗುತ್ತಲ್ಲ, ಅದೇ, ಆದ್ರೆ ಬಹಳ ಹೊತ್ತು. ಸೀಟೂ ನೀನೂ ಒಟ್ಟಿಗೇ ಬೀಳ್ತಿರ್ತೀರಿ, ಸೀಟು ನಿನ್ನ ಮೇಲಕ್ಕೆ ಒತ್ತಲ್ಲ, ಅದಕ್ಕೇ ಭಾರಾನೇ ಇಲ್ಲ ಅನ್ಸೋದು. ಮುಂದೆ ಕೂತ್ರೆ ಎದುರಿಗೆ ಏನೂ ಅಡ್ಡ ಇಲ್ದೆ ಎಲ್ಲಾ ಕಾಣುತ್ತೆ, ನಂಗೆ ಅದೇ ಇಷ್ಟ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ವಾಂತಿ ವಿಷಯ ಒಂದು ಹೇಳ್ಬಿಡಿ. ಮಗಳು 4 ಅಡಿ 3 ಇಂಚು ಇದಾಳೆ, ಸಾಕಾ?

ಉತ್ತರ:
ಸಾಕು, ಅಲ್ಲಿ 48 ಇಂಚು ಅಂದ್ರೆ 4 ಅಡಿ ಇದ್ರೆ ಬಿಡ್ತಾರೆ. ಆಗುಂಬೆಲಿ 14 ಹೇರ್‌ಪಿನ್ ತಿರುವು, ಪ್ರತಿ ತಿರುವಲ್ಲೂ ಪಕ್ಕದವರ ಮೇಲೆ ಬೀಳ್ತೀವಿ, ಮೇಲಿಂದ ಡೀಸೆಲ್ ವಾಸನೆ. ಇಲ್ಲಿ ತಿರುವಲ್ಲಿ ಹಳಿನೇ ಓರೆ ಮಾಡಿರ್ತಾರೆ, ನಿಮ್ಮನ್ನ ಪಕ್ಕಕ್ಕೆ ಎಸೆಯಲ್ಲ, ಸೀಟಿಗೇ ಒತ್ತುತ್ತೆ, ಎರಡು ಮೂರು ನಿಮಿಷಕ್ಕೆ ಮುಗೀತು. ಹಸಿದ ಹೊಟ್ಟೇಲೂ ಬೇಡ, ಊಟ ಆದ ತಕ್ಷಣಾನೂ ಬೇಡ. ಕಣ್ಣು ಮುಚ್ಬೇಡಿ, ಮುಂದಿನ ಹಳಿ ನೋಡ್ತಾ ಇರಿ, ಕಣ್ಣು ಮುಚ್ಚಿದ್ರೇ ಹೊಟ್ಟೆ ತೊಳೆಸೋದು ಜಾಸ್ತಿ. ಮಧ್ಯದ ಸಾಲಲ್ಲಿ ಕೂರಿ. ಮಗಳನ್ನ ಪಕ್ಕದಲ್ಲೇ ಕೂರಿಸ್ಕೊಂಡು ಬಾರ್ ಅವಳ ತೊಡೆಗೆ ತಾಗಿದ್ಯಾ ಅಂತ ನೀವೇ ಕೈ ಹಾಕಿ ನೋಡಿ. ಕನ್ನಡಕ, ಫೋನು, ಬಳೆ ಎಲ್ಲಾ ಕೆಳಗೆ ಯಜಮಾನ್ರ ಕೈಲಿ ಕೊಟ್ಟು ಹೋಗಿ.