ಮಾರ್ಕೇಸಸ್‌ನಿಂದ ಟಹೀಟಿಗೆ: ಮಕ್ಕಳಿರುವಾಗ ಟುವಾಮೊಟು ಹವಳದ್ವೀಪಗಳಿಗೆ ಹೋಗಬಹುದೇ?

ಕಡಲಹಾದಿ (ಪ್ರಶ್ನೆ):
ನಾನು, ನನ್ನ ಪತ್ನಿ ಮತ್ತು ಒಂಬತ್ತು ಹಾಗೂ ಆರು ವರ್ಷದ ಇಬ್ಬರು ಮಕ್ಕಳು ನಮ್ಮ ಹಾಯಿದೋಣಿಯಲ್ಲಿ ಗಲಪಗೋಸ್‌ನಿಂದ ಸುಮಾರು 3,000 ನಾಟಿಕಲ್ ಮೈಲಿ ದಾಟಿ ದಕ್ಷಿಣ ಪೆಸಿಫಿಕ್‌ನ ಮಾರ್ಕೇಸಸ್ ದ್ವೀಪಗಳನ್ನು ತಲುಪಿ, ಅಲ್ಲಿಂದ ಟಹೀಟಿಗೆ ಹೋಗಬೇಕೆಂದಿದ್ದೇವೆ. ನಡುವೆ ಟುವಾಮೊಟು ಸಮೂಹವಿದೆ. 1768ರಲ್ಲಿ ಆ ದಾರಿಯಲ್ಲಿ ಹೋದ ಫ್ರೆಂಚ್ ನಾವಿಕ ಬೂಗನ್‌ವಿಲ್ ಅದನ್ನು 'ಅಪಾಯಕಾರಿ ದ್ವೀಪಸಮೂಹ' ಎಂದು ಕರೆದನೆಂದು ಓದಿದಾಗಿನಿಂದ ಪತ್ನಿಗೆ ಅಳುಕು ಹುಟ್ಟಿದೆ. ದೋಣಿಯ ಎಂಜಿನ್ ಸಾಧಾರಣ ಶಕ್ತಿಯದು. ಅಲ್ಲಿ ನಿಲ್ಲದೆ ನೇರವಾಗಿ ಟಹೀಟಿಗೆ ಹೋಗುವುದು ಜಾಣತನವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಧ್ರುವತಾರೆ:
ಬಿಡಬೇಡಿ ಎಂಬುದೇ ನನ್ನ ಅಭಿಪ್ರಾಯ. ಆದರೆ ನಿಮ್ಮ ಪತ್ನಿಯ ಅಳುಕಿಗೆ ಆಧಾರವಿದೆ. ಮಾರ್ಕೇಸಸ್‌ನ ಎತ್ತರದ ಬೆಟ್ಟಗಳು ಬಹು ದೂರದಿಂದಲೇ ಕಾಣುತ್ತವೆ. ಟುವಾಮೊಟುವಿನ ಬಹುತೇಕ ದ್ವೀಪಗಳಲ್ಲಿ ತೆಂಗಿನ ಮರಕ್ಕಿಂತ ಎತ್ತರವಾದದ್ದು ಏನೂ ಇಲ್ಲದ ಕಾರಣ ಹಳೆಯ ನಾವಿಕರಿಗೆ ದ್ವೀಪ ಕಣ್ಣಿಗೆ ಬೀಳುವಷ್ಟರಲ್ಲಿ ಬಂಡೆಯ ಸದ್ದೇ ಕೇಳಿಸುತ್ತಿತ್ತು. ಈಗ ಜಿಪಿಎಸ್ ಇದೆ. ಉಳಿದಿರುವ ನಿಜವಾದ ತೊಡಕೆಂದರೆ ಹವಳದ ಗೋಡೆಯ ಕಂಡಿಯೊಳಗೆ ನುಗ್ಗುವುದು.

ದಕ್ಷಿಣದಿಂದ ಬರುವ ದೊಡ್ಡ ಅಲೆಗಳು ತಗ್ಗಾದ ಹವಳದ ಅಂಚನ್ನು ಹಾರಿ, ಹವಳದ ಉಂಗುರದೊಳಗಿನ ಕೊಳವಾದ ಲಗೂನನ್ನು ತುಂಬಿಸುತ್ತಲೇ ಇರುತ್ತವೆ, ಆ ನೀರಿಗೆ ಹೊರಹೋಗಲು ಒಂದೋ ಎರಡೋ ಕಂಡಿಗಳಷ್ಟೇ ಇರುತ್ತವೆ. ಹೀಗಾಗಿ ಉಬ್ಬರದ ಪಟ್ಟಿಯ ಪ್ರಕಾರ ನೀರು ಒಳಗೆ ಬರಬೇಕಾದ ಹೊತ್ತಿನಲ್ಲೂ ಅದು ರಭಸವಾಗಿ ಹೊರಗೆ ಹರಿಯುತ್ತಿರಬಹುದು. ಆ ಹರಿವಿಗೆ ಎದುರಾಗಿ ಗಾಳಿ ಬೀಸುತ್ತಿದ್ದರೆ ಕಂಡಿಯ ಬಾಯಲ್ಲಿ ಕಡಿದಾದ ಅಲೆಗಳು ಏಳುತ್ತವೆ. ಪಟ್ಟಿಯನ್ನು ಅಂದಾಜಿಗೆ ಮಾತ್ರ ಇಟ್ಟುಕೊಂಡು, ಹೊರಗೆ ನಿಂತು ದೂರದರ್ಶಕದಲ್ಲಿ ನೀರನ್ನೇ ನೋಡಿ, ಅದು ಶಾಂತವಾಗುವವರೆಗೆ ಕಾಯಿರಿ. ಎಂಜಿನ್ ಸಾಧಾರಣವಾದರೆ ಈ ಕಾಯುವಿಕೆ ಇನ್ನೂ ಮುಖ್ಯ. ಮೊದಲ ಪ್ರವೇಶಕ್ಕೆ ಟುವಾಮೊಟುವಿನ ಫಕರಾವ ಹವಳದ್ವೀಪದ ಉತ್ತರದ ಗರುವೇ ಕಂಡಿಯನ್ನು ಆರಿಸಿಕೊಳ್ಳಿ. ಅದು ಒಂದು ಕಿಲೋಮೀಟರಿಗಿಂತ ಹೆಚ್ಚು ಅಗಲವಿದೆ.

ಒಳಗೆ ಹೋದ ಮೇಲೆ ಸೂರ್ಯ ಎತ್ತರದಲ್ಲಿ, ನಿಮ್ಮ ಬೆನ್ನಿಗಿರಲಿ. ಆಗ ಹವಳದ ದಿಬ್ಬಗಳು ನೀಲಿ ನೀರಿನಲ್ಲಿ ಕಂದು ಕಲೆಗಳಾಗಿ ಕಾಣುತ್ತವೆ. ಪೋಲರಾಯ್ಡ್ ಕನ್ನಡಕ ಹಾಕಿಸಿ, ಸುರಕ್ಷಾಪಟ್ಟಿ ಬಿಗಿದು, ದೊಡ್ಡ ಮಗುವನ್ನು ನಿಮ್ಮಲ್ಲೊಬ್ಬರ ಜೊತೆ ಮುಂಭಾಗದಲ್ಲಿ ಕೂರಿಸಿರಿ. ಈ ಕೆಲಸದಲ್ಲಿ ಮಕ್ಕಳು ನಮಗಿಂತ ಚುರುಕು! ಲಂಗರಿನ ಸರಪಳಿಗೆ ಅಲ್ಲಲ್ಲಿ ತೇಲುಗಳನ್ನು ಕಟ್ಟಿದರೆ ಅದು ಹವಳಕ್ಕೆ ಸುತ್ತಿಕೊಳ್ಳುವುದಿಲ್ಲ, ಹವಳವೂ ಉಳಿಯುತ್ತದೆ.

ಉಪ್ಪುಗಾಳಿ:
ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಆದರೆ ಮಕ್ಕಳಿರುವಾಗ ನಾನು ಕಂಡಿಗಿಂತ ಹೆಚ್ಚಾಗಿ ಹೆದರುವುದು ಮೀನಿಗೆ. ಹವಳದ ಬಳಿಯ ಮೀನುಗಳಲ್ಲಿ ಸಿಗ್ವಾಟೆರಾ ವಿಷವಿರಬಹುದು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬೇಯಿಸಿದರೂ ಹೆಪ್ಪುಗಟ್ಟಿಸಿದರೂ ಅದು ಹೋಗುವುದಿಲ್ಲ. ವಾಂತಿ ಭೇದಿಯ ಜೊತೆಗೆ ತುಟಿಯ ಸುತ್ತ ಜುಮುಗುಡುವುದು, ತಣ್ಣೀರು ಮುಟ್ಟಿದರೆ ಸುಟ್ಟಂತಾಗುವುದು ಅದರ ಲಕ್ಷಣ. ಒಂದು ದ್ವೀಪದಲ್ಲಿ ನಿರಪಾಯವಾದ ಜಾತಿ ಪಕ್ಕದ ದ್ವೀಪದಲ್ಲಿ ವಿಷಪೂರಿತವಾಗಿರಬಹುದಾದ್ದರಿಂದ ಊರಿನವರನ್ನು ಕೇಳದೆ ಹಿಡಿದದ್ದನ್ನು ತಿನ್ನಬೇಡಿ. ಮಕ್ಕಳಿಗೆ ತೆರೆದ ಸಮುದ್ರದ ಟ್ಯೂನಾ, ಮಾಹಿಮಾಹಿ ಮೀನುಗಳೇ ಸಾಕು.

ಈ ಹವಳದ್ವೀಪಗಳಲ್ಲಿ ಹೊಳೆಯಿಲ್ಲ, ಅಲ್ಲಿನವರು ತೊಟ್ಟಿಗಳಲ್ಲಿ ಹಿಡಿದಿಟ್ಟ ಮಳೆನೀರನ್ನು ನೆಚ್ಚಿಕೊಂಡವರು, ಅವರಲ್ಲಿ ನೀರು ಕೇಳುವುದು ಸಭ್ಯತೆಯಲ್ಲ. ತರಕಾರಿಯೂ ಸರಕು ಹಡಗು ಬಂದಾಗಲಷ್ಟೇ. ಹಣ್ಣುಗಳನ್ನು ಮಾರ್ಕೇಸಸ್‌ನಲ್ಲೇ ತುಂಬಿಕೊಳ್ಳಿ, ಕೈಯಲ್ಲಿ ಅಲ್ಲಿನ ಹಣವಾದ ಪೆಸಿಫಿಕ್ ಫ್ರಾಂಕ್ ನಗದು ಇರಲಿ.

ಧ್ರುವತಾರೆ:
ಒಂದು ಸೇರ್ಪಡೆ. ಚಂಡಮಾರುತದ ಕಾಲವಾದ ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಅವಧಿ ಮುಗಿದ ಮೇಲೆ ಹೋದರೂ, ಅಲ್ಲಿಯವರು ಮಾರಾಮು ಎನ್ನುವ ಬಿರುಸಾದ ಆಗ್ನೇಯ ಗಾಳಿ ಬೀಸುವುದುಂಟು. ಫಕರಾವದ ಲಗೂನ್ ಸುಮಾರು 60 ಕಿಲೋಮೀಟರ್ ಉದ್ದವಿರುವುದರಿಂದ, ಆ ಗಾಳಿಯಲ್ಲಿ ಉತ್ತರದ ಊರಿನ ಮುಂದೆ ಲಂಗರು ಹಾಕಿದವರಿಗೆ ಒಳಗೇ ಅಲೆಗಳ ಕಾಟ ಶುರುವಾಗುತ್ತದೆ. ಮುನ್ಸೂಚನೆ ಬಂದ ಕೂಡಲೇ, ಹಗಲು ಬೆಳಕಿರುವಾಗಲೇ ಆಗ್ನೇಯ ಮೂಲೆಯ ಹಿರಿಫಾಗೆ ಸರಿದುಬಿಡಿ. ಅಲ್ಲಿ ಮಕ್ಕಳು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.