ಆಡಿಟರ್ 'ಎಂಜಿನ್‌ಎಕ್ಸ್ ಹಳೇದು' ಅಂತಾರೆ, ಸೋರ್ಸ್‌ನಿಂದ ಕಂಪೈಲ್ ಮಾಡಲೇಬೇಕಾ?

ಕಾಟಾ_ಸರ್ವರ್ (ಮುಧೋಳ):
ನಮಸ್ಕಾರ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಅಂದರೆ ನಾನೊಬ್ಬನೇ. ಕಾಟಾದ ತೂಕ, ರೈತರ ಸ್ಲಿಪ್, ಕಟಾವು ಗ್ಯಾಂಗ್‌ಗಳ ಲೆಕ್ಕ, ಎಲ್ಲಾ ಒಂದೇ ಉಬುಂಟು 22.04 (ಲಿನಕ್ಸ್) ಸರ್ವರ್ ಮೇಲೆ ನಡೆಯುತ್ತದೆ. ಅದರಲ್ಲಿ ಪುಟಗಳನ್ನು ತೋರಿಸುವುದು ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಪ್ರೋಗ್ರಾಂ. ಆಡಿಟ್‌ಗೆ ಬಂದವರು ಸ್ಕ್ಯಾನ್ ಮಾಡಿ ರಿಪೋರ್ಟ್ ಕೊಟ್ಟಿದ್ದಾರೆ: 'ಎಂಜಿನ್‌ಎಕ್ಸ್ 1.18.0, ಸಿವಿಇ-2021-23017 ಇದೆ, ಲೇಟೆಸ್ಟ್ ಹಾಕಿ.' (ಸಿವಿಇ ಅಂದರೆ ಪತ್ತೆಯಾದ ಭದ್ರತಾ ತೂತಿಗೆ ಕೊಡುವ ನಂಬರ್.) ಉಬುಂಟುವಿನ ಪ್ಯಾಕೇಜ್ ಹಾಕುವ ಕಮಾಂಡ್ ಆಪ್ಟ್‌ನಲ್ಲಿ ಅಪ್‌ಗ್ರೇಡ್ ಎಷ್ಟು ಸಲ ಕೊಟ್ಟರೂ 1.18.0 ದಾಟುವುದಿಲ್ಲ. ಮ್ಯಾನೇಜರ್ ಸಾಹೇಬರು 'ಸೋರ್ಸ್ ಇಳಿಸಿ ಕಂಪೈಲ್ ಮಾಡಪ್ಪ, ಅದರಲ್ಲೇನಿದೆ' ಅಂತಾರೆ, ಅಂದರೆ ಮೂಲ ಕೋಡ್‌ನಿಂದ ನಾನೇ ಪ್ರೋಗ್ರಾಂ ಕಟ್ಟಬೇಕಂತೆ. ಹಂಗಾಮು ಹತ್ತಿರ ಬಂತು. ಆಮೇಲೆ ಸರ್ವರ್ ನಿಂತರೆ ಟ್ರ್ಯಾಕ್ಟರ್ ಸಾಲು ಡಾಂಬರ್ ರಸ್ತೆವರೆಗೆ ಹೋಗುತ್ತದೆ. ಏನು ಮಾಡಲಿ?

ನವನಗರದ_ಅಕ್ಕ (ಬಾಗಲಕೋಟೆ):
ತಮ್ಮಾ, ಸದ್ಯಕ್ಕೆ ಏನೂ ಮಾಡಬೇಡ. ಆ ಸ್ಕ್ಯಾನರ್ ನಿನ್ನ ಸರ್ವರ್ ಒಳಗೆ ಇಣುಕಿಯೇ ಇಲ್ಲ. ಎಂಜಿನ್‌ಎಕ್ಸ್ ತಾನೇ ಹೇಳಿಕೊಂಡ 1.18.0 ಅನ್ನೋ ನಂಬರ್ ಓದಿ, ಪಟ್ಟಿ ಜೊತೆ ತಾಳೆ ನೋಡಿದೆ, ಅಷ್ಟೇ.

ಹಾಕಿರುವ ಪ್ಯಾಕೇಜ್‌ಗಳ ಪಟ್ಟಿ ತೋರಿಸುವ 'ಡಿಪಿಕೆಜಿ -ಎಲ್' ಕಮಾಂಡ್ ಕೊಟ್ಟು ನೋಡು. 1.18.0 ಆದಮೇಲೆ ಒಂದು ಬಾಲ ಇರುತ್ತದೆ, '6ಉಬುಂಟು14' ಅಂತ ಶುರುವಾಗುವುದು. ವಿಷಯ ಇರುವುದು ಆ ಬಾಲದಲ್ಲಿ. ಉಬುಂಟು, ಅದರ ಮೂಲವಾದ ಡೆಬಿಯನ್‌ನವರು ಒಂದು ಬಿಡುಗಡೆಗೆ ಒಂದು ಆವೃತ್ತಿ ಹಿಡಿದರೆ ಅದನ್ನು ಬದಲಿಸುವುದು ಕಡಿಮೆ. ತೂತು ಸಿಕ್ಕರೆ ರಿಪೇರಿಯ ಸಾಲುಗಳನ್ನಷ್ಟೇ ಹಳೆ ಕೋಡ್‌ಗೆ ಹಾಕಿ ಬಾಲದ ನಂಬರ್ ಏರಿಸುತ್ತಾರೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಅನ್ನೋ ಎನ್‌ಕ್ರಿಪ್ಶನ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ತೂತು ಬಂದಾಗಲೂ ಹೀಗೇ ಆಯಿತು. ಓಪನ್‌ಎಸ್‌ಎಸ್‌ಎಲ್‌ನವರು ರಿಪೇರಿ ಮಾಡಿ 1.0.1ಜಿ ಬಿಟ್ಟರು. ಡೆಬಿಯನ್ ಮಾತ್ರ 1.0.1ಇ ಇಟ್ಟುಕೊಂಡೇ ತೂತು ಮುಚ್ಚಿತು. ನಂಬರ್ ನೋಡಿದವರಿಗೆ ಅದೂ ಹಳೇದೇ!

ನಿನ್ನ ಸಿವಿಇ 2021ರದು, ಉಬುಂಟು 22.04 ಬಂದದ್ದು 2022ರಲ್ಲಿ. ಅದರ ಪ್ಯಾಕೇಜ್‌ನಲ್ಲಿ ಆ ರಿಪೇರಿ ಮೊದಲೇ ಇದೆ. ಇನ್ನೊಂದು ಮಾತು, ಆ ತೂತು ತಟ್ಟುವುದು ಕಾನ್ಫಿಗ್‌ನಲ್ಲಿ 'ರಿಸಾಲ್ವರ್' (ಹೆಸರಿನಿಂದ ಸರ್ವರ್ ವಿಳಾಸ ಹುಡುಕಿಸುವ) ಸಾಲು ಬರೆದಿದ್ದರೆ ಮಾತ್ರ. ಕಾಟಾದ ಸ್ಲಿಪ್ ತೋರಿಸಲು ಅದನ್ನು ಯಾಕೆ ಬರೆದಿರುತ್ತೀಯ? ಉಬುಂಟು ಸೆಕ್ಯುರಿಟಿ ಸೈಟ್‌ನಲ್ಲಿ ಆ ಸಿವಿಇ ಪುಟ ತೆರೆದು ಪ್ರಿಂಟ್ ತೆಗೆದು ಕೊಡು. ಆಡಿಟರ್‌ಗಳಿಗೆ ಕಾಗದ ಅಂದರೆ ಪ್ರೀತಿ.

ಕಂಪೈಲ್ ಮಾಡುವುದು ಕಷ್ಟವಲ್ಲ. ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್, ಚಹಾ ಕುಡಿದು ಬರುವಷ್ಟರಲ್ಲಿ ಆಗುತ್ತದೆ. ಆದರೆ ನಾಳೆ ಹೊಸ ತೂತು ಸಿಕ್ಕರೆ ನಿನಗೆ ಹೇಳೋರು ಯಾರು? ಆಪ್ಟ್‌ಗೆ ನಿನ್ನ ಎಂಜಿನ್‌ಎಕ್ಸ್ ಇದೆ ಅನ್ನುವುದೇ ಗೊತ್ತಿರಲ್ಲ. ಓಪನ್‌ಎಸ್‌ಎಸ್‌ಎಲ್‌ನ ಸೋರ್ಸ್ ಕೊಟ್ಟು ಅದನ್ನೂ ಒಳಗೇ ಸೇರಿಸಿ ಕಟ್ಟಿದ್ದರೆ ಇನ್ನೂ ತಾಪತ್ರಯ. ಸಿಸ್ಟಮ್‌ನ ಓಪನ್‌ಎಸ್‌ಎಸ್‌ಎಲ್ ಅಪ್‌ಡೇಟ್ ಆಗುತ್ತದೆ, ಎಂಜಿನ್‌ಎಕ್ಸ್ ಒಳಗಿನದು ಹಳೇದೇ ಉಳಿಯುತ್ತದೆ.

ಟಿಳಕವಾಡಿ_ಮೇಕ್ (ಬೆಳಗಾವಿ):
ಅಕ್ಕಾರೆ, ಸೋರ್ಸ್ ಅಂದರೆ ಇಷ್ಟು ಹೆದರಿಸಬೇಡಿ. ನಮಗೆ ಎಚ್‌ಟಿಟಿಪಿ/3 (ವೆಬ್ ಸಂಪರ್ಕದ ಹೊಸ ವಿಧಾನ) ಬೇಕಿತ್ತು, ಅದು ಬಂದದ್ದೇ ಎಂಜಿನ್‌ಎಕ್ಸ್ 1.25.0ರಲ್ಲಿ. ನಾನು ಪ್ರತಿ ಆವೃತ್ತಿಯನ್ನೂ ಆಪ್ಟ್ (ಕಮಾಂಡ್ ಅಲ್ಲ, ರೂಟ್ ಕೆಳಗಿನ ಫೋಲ್ಡರ್!) ಒಳಗೆ ಬೇರೆ ಬೇರೆ ಡೈರೆಕ್ಟರಿಯಲ್ಲಿ ಕಟ್ಟುತ್ತೇನೆ. ಸಿಮ್‌ಲಿಂಕ್ (ಯಾವ ಡೈರೆಕ್ಟರಿ ಅಂತ ತೋರಿಸುವ ಕೊಂಡಿ) ತಿರುಗಿಸಿ ರೀಸ್ಟಾರ್ಟ್ ಕೊಟ್ಟರೆ ಹಳೆ ಆವೃತ್ತಿ ವಾಪಸ್. ಆಪ್ಟ್ ಕಮಾಂಡ್‌ನಲ್ಲಿ ಹಿಂದೆ ಹೋಗುವುದು ಇಷ್ಟು ಸಲೀಸಲ್ಲ.

ನವನಗರದ_ಅಕ್ಕ:
ನಿಮಗೆ ಬೇಕಿತ್ತು, ಮಾಡಿದಿರಿ. ಎಂಜಿನ್‌ಎಕ್ಸ್ ಪ್ರಕಟಣೆಗಳ ಮೇಲ್ ನೀವು ಓದುತ್ತೀರಿ ಅಲ್ವಾ? ಈ ಹುಡುಗ ಹಂಗಾಮಿನಲ್ಲಿ ಪ್ರಿಂಟರ್ ರಿಬ್ಬನ್‌ನಿಂದ ಹಿಡಿದು ಎಲ್ಲಾ ನೋಡಬೇಕು. ಆದರೂ ಎಚ್‌ಟಿಟಿಪಿ/3ಗೆ ಕಂಪೈಲೇ ಆಗಬೇಕು ಅಂತಿಲ್ಲ, ಎಂಜಿನ್‌ಎಕ್ಸ್‌ನವರದೇ ಆಪ್ಟ್ ರೆಪೊ (ಪ್ಯಾಕೇಜ್ ಭಂಡಾರ) ಇದೆ. ಪ್ಯಾಕೇಜ್‌ನಲ್ಲಿ ಇಲ್ಲದ ಮಾಡ್ಯೂಲ್ (ಹೆಚ್ಚುವರಿ ಭಾಗ) ಬೇಕಾದರೂ ಅದೊಂದನ್ನೇ ಕಂಪೈಲ್ ಮಾಡಿ ಲೋಡ್ ಮಾಡಬಹುದು, 1.9.11ರಿಂದ ಆ ಅನುಕೂಲ ಬಂದಿದೆ.

ಕಾಟಾ_ಸರ್ವರ್:
ಪ್ರಿಂಟ್ ಕೊಟ್ಟೆ ಅಕ್ಕಾ, ಒಪ್ಪಿದರು. 'ನಂಬರ್ ಕಾಣದ ಹಾಗೆ ಮಾಡಿ' ಅಂದರು. ಆವೃತ್ತಿ ನಂಬರ್ ತೋರಿಸುವ ಸರ್ವರ್ ಟೋಕನ್ಸ್ ಆಫ್ ಮಾಡಿದೆ. ಭದ್ರತಾ ಅಪ್‌ಡೇಟ್ ತಾನೇ ಹಾಕುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಆನ್ ಇದೆ. ಇಷ್ಟು ಸಾಕಾ?

ನವನಗರದ_ಅಕ್ಕ:
ಟೋಕನ್ಸ್ ಆಫ್ ಮಾಡಿದರೆ ಸುಮ್ನೆ ಬೋರ್ಡ್ ತೆಗೆದ ಹಾಗೆ, ಇರಲಿ ಬಿಡು. ಒಂದು ಮಾತ್ರ ಗಮನಿಸು. ಲೈಬ್ರರಿ ಅಪ್‌ಡೇಟ್ ಆದರೂ ಓಡುತ್ತಿರುವ ಪ್ರೋಗ್ರಾಂ ರೀಸ್ಟಾರ್ಟ್ ಆಗುವವರೆಗೆ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. 'ನೀಡ್‌ರೀಸ್ಟಾರ್ಟ್' ಓಡಿಸಿದರೆ ಯಾವ್ಯಾವುದು ಅಂತ ಪಟ್ಟಿ ಕೊಡುತ್ತದೆ. ಪಾಳಿ ಬದಲಾಗುವಾಗ ಕಾಟಾದವರಿಗೆ ಹೇಳಿ ಎಂಜಿನ್‌ಎಕ್ಸ್ ರೀಸ್ಟಾರ್ಟ್ ಮಾಡು.